ಲೈಸೆನ್ಸ್ ಸಿಗುವ ಪಾಪ

ಮೊದಲ ಸಲ ಆಫ್ರಿಕಾಕ್ಕೆ ಬೇಟೆಗೆ ಹೋಗುವವರಿಗೆ ಅನುಭವಸ್ಥರು ಸಾಮಾನ್ಯವಾಗಿ ಹೇಳೋದು ಒಂದೇ ಮಾತು: ಸಣ್ಣದರಿಂದ ಶುರು ಮಾಡಿ. ನಮೀಬಿಯಾದಲ್ಲೋ ದಕ್ಷಿಣ ಆಫ್ರಿಕಾದಲ್ಲೋ ಇಂಪಾಲ, ಕುಡು ಥರದ ಜಿಂಕೆ-ಚಿಗರೆ ಜಾತಿಯ ಪ್ರಾಣಿಗಳಿವೆ, ಮೊದಲು ಅಲ್ಲಿ ಕೈ ಪಳಗಲಿ, ಆನೆ ಆಮೇಲೆ ನೋಡೋಣ. ಈ ಸಲಹೆಗೆ ಕಾರಣ ಇದೆ. ಆನೆ ಬೇಟೆ ಅಂದರೆ ದಿನಗಟ್ಟಲೆ ಹೆಜ್ಜೆ ಜಾಡು ಹಿಡಿದು ನಡೀಬೇಕು. ಕೊನೆಗೆ ಇಪ್ಪತ್ತು-ಮೂವತ್ತು ಹೆಜ್ಜೆಯಷ್ಟು ಹತ್ತಿರ ಹೋಗಿ ನಿಲ್ಲಬೇಕು. ಅಲ್ಲಿ ಕೈ ನಡುಗಿದರೆ ಸಾಯೋದು ಆನೆಯೇ ಆಗಬೇಕಿಲ್ಲ.

ಆದರೂ ಮೊದಲ ಸಲಕ್ಕೇ ಆನೆ ಬೇಕು ಅನ್ನೋರು ಇದ್ದಾರೆ. ಅವರಿಗೆ ನಿಜವಾಗಿ ಬೇಕಾಗಿರೋದು ಏನು?

ಈ ಪ್ರಶ್ನೆಯ ಬೆನ್ನು ಹತ್ತಿದ ಸಿನಿಮಾ ಒಂದಿದೆ, 1990ರ 'ವೈಟ್ ಹಂಟರ್, ಬ್ಲ್ಯಾಕ್ ಹಾರ್ಟ್'. ನಿರ್ದೇಶನ ಕ್ಲಿಂಟ್ ಈಸ್ಟ್‌ವುಡ್‌ನದು, ಮುಖ್ಯ ಪಾತ್ರವೂ ಅವನದೇ. ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ ಮಲಗಿತು. ಕತೆಯ ಬೇರು ನಿಜ ಜೀವನದಲ್ಲೇ ಇದೆ. 'ದಿ ಆಫ್ರಿಕನ್ ಕ್ವೀನ್' (1951) ಚಿತ್ರೀಕರಣಕ್ಕೆ ಅಂತ ನಿರ್ದೇಶಕ ಜಾನ್ ಹ್ಯೂಸ್ಟನ್, ಹಂಫ್ರಿ ಬೋಗಾರ್ಟ್ ಮತ್ತು ಕ್ಯಾಥರೀನ್ ಹೆಪ್ಬರ್ನ್ ಅವರನ್ನ ಕಟ್ಟಿಕೊಂಡು ಬೆಲ್ಜಿಯನ್ ಕಾಂಗೊ, ಉಗಾಂಡದ ಕಡೆ ಹೋದ. ಹೋದವನ ತಲೆ ತುಂಬ ಆನೆ ಬೇಟೆ. ಚಿತ್ರಕಥೆಗೆ ಕೈಜೋಡಿಸಿದ್ದ ಪೀಟರ್ ವಿಯರ್ಟೆಲ್ ಆ ಹುಚ್ಚನ್ನೇ ಹಿಡಿದು 1953ರಲ್ಲಿ ಕಾದಂಬರಿ ಬರೆದ. ಅದರಲ್ಲಿ ಹ್ಯೂಸ್ಟನ್ 'ಜಾನ್ ವಿಲ್ಸನ್' ಆದ, ವಿಯರ್ಟೆಲ್ 'ಪೀಟ್ ವೆರಿಲ್' ಆದ. ಈಸ್ಟ್‌ವುಡ್ ತೆರೆಗೆ ತಂದಿದ್ದು ಈ ಕಾದಂಬರಿಯನ್ನ.

ವಿಲ್ಸನ್‌ಗೆ ಸಿನಿಮಾ ಒಂದು ನೆಪ ಅಷ್ಟೇ. ನಟರು ಕಾಯ್ತಿದ್ದಾರೆ, ನಿರ್ಮಾಪಕ ತಲೆ ಚಚ್ಚಿಕೊಳ್ತಿದ್ದಾನೆ, ಇವನಿಗೆ ಮಾತ್ರ ದೊಡ್ಡ ದಂತದ ಸಲಗವೇ ಬೇಕು.

ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮಲ್ಲಿ ಬಹಳಷ್ಟು ಜನ ಬೇಟೆಯ ಕತೆ ಓದಿದ್ದು ಕೆನೆತ್ ಆಂಡರ್ಸನ್‌ನಿಂದ, ಅದೂ ತೇಜಸ್ವಿಯವರು ಕನ್ನಡಕ್ಕೆ ತಂದ 'ಕಾಡಿನ ಕಥೆಗಳು' ಮೂಲಕ. ಅಲ್ಲಿ ಹುಲಿಯೋ ಚಿರತೆಯೋ ಮನುಷ್ಯರನ್ನ ತಿಂದಿರುತ್ತೆ. ಊರಿಗೆ ಊರೇ ಹೆದರಿ ಬಾಗಿಲು ಹಾಕಿಕೊಂಡು ಕೂತಿರುತ್ತೆ. ಹಾಗಾಗಿ ಕೊನೆಯಲ್ಲಿ ಗುಂಡು ಹಾರಿದಾಗ ಓದುವ ನಮಗೂ ನಿರಾಳ, ಮನಸ್ಸಿಗೆ ಏನೂ ಕಚ್ಚೋದಿಲ್ಲ. ವಿಲ್ಸನ್‌ಗೆ ಈ ಸೌಲಭ್ಯ ಇಲ್ಲ. ಅವನು ಹುಡುಕ್ತಿರೋ ಆನೆ ಯಾರ ಬೆಳೆಯನ್ನೂ ತುಳಿದಿಲ್ಲ, ಯಾರ ಪ್ರಾಣವನ್ನೂ ತೆಗೆದಿಲ್ಲ. ಬೇಟೆಗಾರನ ಕೈಯಿಂದ ಎಲ್ಲ ಸಬೂಬುಗಳನ್ನ ಕಿತ್ತುಕೊಂಡು, ಬರೀ ಆಸೆಯೊಂದನ್ನೇ ಉಳಿಸಿರೋದು ಈ ಸಿನಿಮಾದ ದೊಡ್ಡ ಪ್ರಾಮಾಣಿಕತೆ.

ಆನೆಯಂಥ ಜೀವಿಯನ್ನ ಕೊಲ್ಲೋದು ಅಪರಾಧ ಅಂತ ವೆರಿಲ್ ಜಗಳಕ್ಕೆ ನಿಲ್ತಾನೆ. ವಿಲ್ಸನ್ ಅದನ್ನ ಅಲ್ಲಗಳೆಯೋದಿಲ್ಲ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗ್ತಾನೆ. ಅವನ ಪ್ರಕಾರ ಇದು ಅಪರಾಧಕ್ಕಿಂತ ದೊಡ್ಡದು, ಪಾಪ. ದುಡ್ಡು ಕೊಟ್ಟು ಲೈಸೆನ್ಸ್ ಪಡೆದು ಮಾಡಬಹುದಾದ ಒಂದೇ ಒಂದು ಪಾಪ, ಅದಕ್ಕೇ ಅದು ಬೇಕು. ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಜಿಂಕೆ ಹೊಡೆದರೆ ಅದೊಂದು ಆಟ. ಆನೆ ಹೊಡೆದರೆ ಮಾತ್ರ, ತಾನು ದೊಡ್ಡದೇನನ್ನೋ ಮುರಿದೆ ಅನ್ನೋ ಭಾವ. ರಸೀದಿ ಸಮೇತ.

ಹಾಗಂತ ವಿಲ್ಸನ್ ಕೆಟ್ಟವನೂ ಅಲ್ಲ, ಸಿನಿಮಾ ನಮ್ಮನ್ನ ಹಿಡಿಯೋದು ಅಲ್ಲೇ. ಹೋಟೆಲಿನಲ್ಲಿ ಒಬ್ಬ ಹೆಂಗಸು ಯಹೂದಿಗಳ ಬಗ್ಗೆ ಅಸಹ್ಯವಾಗಿ ಮಾತಾಡಿದಾಗ ಎಲ್ಲರೆದುರೇ ಅವಳ ಮುಖಕ್ಕೆ ಮಂಗಳಾರತಿ ಎತ್ತುತ್ತಾನೆ. ಅದೇ ರಾತ್ರಿ ಅಲ್ಲಿನ ಬಿಳಿ ಮ್ಯಾನೇಜರ್ ಕಪ್ಪು ಪರಿಚಾರಕನೊಬ್ಬನನ್ನ ಹಿಂಸಿಸೋದು ಕಂಡು ಅವನ ಮೇಲೆ ಬೀಳ್ತಾನೆ, ಚೆನ್ನಾಗಿ ಒದೆ ತಿಂದು ಸೋಲ್ತಾನೆ. ನಮಗೆ ಇವನ ಮೇಲೆ ಪ್ರೀತಿ ಹುಟ್ಟಿಬಿಡುತ್ತೆ. ಎಷ್ಟು ಸರಿಯಾದ ಅಭಿಪ್ರಾಯಗಳು, ಎಷ್ಟು ಧೈರ್ಯ! ಆಮೇಲೆ ಅದೇ ಮನುಷ್ಯ ತನ್ನ ಖಯಾಲಿಗೆ ಒಬ್ಬ ಕಪ್ಪು ಮನುಷ್ಯನನ್ನ ಬಲಿ ಕೊಡ್ತಾನೆ.

ಅವನ ಹೆಸರು ಕಿವು. ಜಾಡು ಹಿಡಿಯೋದರಲ್ಲಿ ನಿಪುಣ. ವಿಲ್ಸನ್‌ಗೆ ಅವನ ಮೇಲೆ ನಿಜವಾದ ಗೌರವ ಇದೆ. ಕೊನೆಗೂ ಬಯಸಿದ ಸಲಗ ಎದುರಿಗೆ ಬಂದಾಗ ವಿಲ್ಸನ್ ಕೈಯಲ್ಲಿ ಗುಂಡು ಹಾರಿಸೋಕೆ ಆಗೋದಿಲ್ಲ. ಆನೆ ಉಳಿಯುತ್ತೆ. ಅದರ ಬೆನ್ನಿಗೇ, ಇವನನ್ನ ಉಳಿಸೋಕೆ ಹೋದ ಕಿವು ಆನೆಗೆ ಬಲಿಯಾಗ್ತಾನೆ. ಹಳ್ಳಿಯಲ್ಲಿ ನಗಾರಿ ಮೊಳಗುತ್ತೆ. ಅದು ಏನು ಹೇಳ್ತಿದೆ ಅಂತ ವಿಲ್ಸನ್ ಕೇಳ್ತಾನೆ. ಸಿನಿಮಾದ ಹೆಸರೇ ಉತ್ತರ: ಬಿಳಿ ಬೇಟೆಗಾರ, ಕರಿ ಹೃದಯ.

ನನ್ನ ತಕರಾರು ಶುರುವಾಗೋದು ಇದರ ನಂತರ. ವಿಲ್ಸನ್ ಮತ್ತು ವೆರಿಲ್ ನಡುವೆ ಮೊದಲಿಂದಲೂ ಒಂದು ಜಗಳ ಇರುತ್ತೆ, ಅವರು ತೆಗೀಬೇಕಾದ ಚಿತ್ರದ ಕೊನೆ ಹೇಗಿರಬೇಕು ಅನ್ನೋದು. ವಿಲ್ಸನ್‌ಗೆ ಎಲ್ಲರೂ ಸಾಯಬೇಕು, ವೆರಿಲ್‌ಗೆ ಬದುಕಬೇಕು. ಕಿವು ಸತ್ತ ಮೇಲೆ ವಿಲ್ಸನ್ ಸೆಟ್ಟಿಗೆ ಬಂದು, ನೀನು ಹೇಳಿದ್ದೇ ಸರಿ ಅಂತ ಒಪ್ಪಿಕೊಳ್ತಾನೆ. ಕುರ್ಚಿಯಲ್ಲಿ ಕುಸಿದು ಕೂತು, ಕೇಳಿಸಿಯೂ ಕೇಳಿಸದ ದನಿಯಲ್ಲಿ 'ಆಕ್ಷನ್' ಅಂತಾನೆ. ಸಿನಿಮಾ ಮುಗಿಯುತ್ತೆ. ಅಂದರೆ, ಲೆಕ್ಕ ಹಾಕಿ ನೋಡಿ: ಕಿವು ಪ್ರಾಣ ಕೊಟ್ಟಿದ್ದಕ್ಕೆ ಸಿಕ್ಕಿದ್ದು ಒಂದು ಹಾಲಿವುಡ್ ಚಿತ್ರಕ್ಕೆ ಸುಖಾಂತ್ಯ ಮತ್ತು ಒಬ್ಬ ನಿರ್ದೇಶಕನಿಗೆ ಪಶ್ಚಾತ್ತಾಪ.

ಈಸ್ಟ್‌ವುಡ್‌ಗೆ ಈ ವ್ಯಂಗ್ಯ ಗೊತ್ತಿಲ್ಲ ಅಂತ ನಾನು ಹೇಳ್ತಿಲ್ಲ, ಗೊತ್ತಿದೆ. ಆದರೆ ಕ್ಯಾಮೆರಾ ಕೊನೆಗೆ ನಿಲ್ಲೋದು ವಿಲ್ಸನ್ ಮುಖದ ಮೇಲೇ. ಕಿವುಗೆ ಆನೆ ಅಂದರೆ ಏನು? ಅವನು ಈ ಕೆಲಸಕ್ಕೆ ಯಾಕೆ ಬಂದ? ಅವನಿಗೆ ಕೊಟ್ಟ ಕೂಲಿ ಎಷ್ಟು? ವೆರಿಲ್ ಕೂಡ ಆನೆಯ ಘನತೆ ಬಗ್ಗೆ ಮನಮುಟ್ಟುವ ಹಾಗೆ ಮಾತಾಡ್ತಾನೆ, ಈ ಪ್ರಶ್ನೆಗಳನ್ನ ಕೇಳೋದಿಲ್ಲ. ಹೊಡೀಬೇಕು ಅನ್ನೋನು, ಹೊಡೀಬಾರದು ಅನ್ನೋನು ಇಬ್ಬರೂ ಹೊರಗಿನವರು. ಮಧ್ಯೆ ಇರೋನಿಗೆ ಮಾತೇ ಕಡಿಮೆ.

ಈಗಲೂ ಚರ್ಚೆ ಹೀಗೇ ನಡೀತಿದೆ. 2012ರಲ್ಲಿ ಸ್ಪೇನ್‌ನ ರಾಜ ಹುವಾನ್ ಕಾರ್ಲೋಸ್ ಬೋಟ್ಸ್‌ವಾನಾಕ್ಕೆ ಆನೆ ಬೇಟೆಗೆ ಹೋಗಿದ್ದು ಹೊರಗೆ ಬಂದಿದ್ದೇ ಅಲ್ಲಿ ಬಿದ್ದು ಸೊಂಟ ಮುರ್ಕೊಂಡಿದ್ದರಿಂದ. ಆಗ ಅವನು ವನ್ಯಜೀವಿ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್‌ನ ಸ್ಪೇನ್ ಶಾಖೆಯ ಗೌರವಾಧ್ಯಕ್ಷ! ಕ್ಷಮೆ ಕೇಳಿದ, ಆ ಹುದ್ದೆಯೂ ಹೋಯ್ತು. 2014ರಲ್ಲಿ ಬೇಟೆ ನಿಲ್ಲಿಸಿದ್ದ ಬೋಟ್ಸ್‌ವಾನಾ 2019ರಲ್ಲಿ ಮತ್ತೆ ಬಾಗಿಲು ತೆರೀತು. ಅಲ್ಲಿ ಸುಮಾರು 1.3 ಲಕ್ಷ ಆನೆಗಳಿವೆ, ಹೊಲ ಹಾಳಾಗ್ತಿದೆ, ಜನ ಸಾಯ್ತಿದ್ದಾರೆ, ಒಂದು ಆನೆಗೆ ಹತ್ತಾರು ಸಾವಿರ ಡಾಲರ್ ಕೊಡೋರು ಬಂದರೆ ಹಳ್ಳಿಗಳಿಗೂ ಪಾಲು ಸಿಗುತ್ತೆ ಅನ್ನೋದು ಸರ್ಕಾರದ ವಾದ. ಬೇಟೆಯ ಸ್ಮರಣಿಕೆಗಳ ಆಮದಿಗೆ ಜರ್ಮನಿ ಕಡಿವಾಣ ಹಾಕೋಕೆ ಹೊರಟಾಗ, 2024ರಲ್ಲಿ ಅಲ್ಲಿನ ಅಧ್ಯಕ್ಷ ಮಸೀಸಿ, ಹಾಗಾದ್ರೆ 20,000 ಆನೆ ಕಳಿಸ್ತೀನಿ, ನೀವೇ ಸಾಕಿ ಅಂದುಬಿಟ್ಟರು. ಯುರೋಪಿನವರು ನಕ್ಕರು. ಆನೆ ದಾಟುವ ದಾರಿಯಲ್ಲಿ ಮನೆ ಇರೋರಿಗೆ ಅದು ತಮಾಷೆ ಆಗಿರಲಿಕ್ಕಿಲ್ಲ. ಆದರೆ ಆ ಡಾಲರ್‌ನಲ್ಲಿ ಹಳ್ಳಿಗೆ ನಿಜವಾಗಿ ಮುಟ್ಟೋದು ಎಷ್ಟು, ಅದನ್ನ ಯಾರು ಹಂಚ್ತಾರೆ ಅನ್ನೋದಕ್ಕೆ ಮಸೀಸಿಯ ತಮಾಷೆಯಲ್ಲೂ ಉತ್ತರ ಇಲ್ಲ.

ನಮ್ಮಲ್ಲಿ ಆನೆ ಬೇಟೆಗೆ ಲೈಸೆನ್ಸ್ ಇಲ್ಲ, ಇರಲೂಬಾರದು. ಆದರೆ 2023ರ ಗಣತಿ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು ಅಂತ ನಾವೆಲ್ಲ ಹೆಮ್ಮೆಯಿಂದ ಶೇರ್ ಮಾಡಿದ್ವಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಸಕಲೇಶಪುರದ ಹತ್ತಿರ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ ದಸರೆಯ ಅರ್ಜುನ ಸತ್ತಾಗ ಎಲ್ಲರೂ ಅತ್ತೆವು. ಅದೇ ತಾಲೂಕಿನಲ್ಲಿ ಬೆಳಗಿನ ಜಾವ ತೋಟಕ್ಕೆ ಹೋದ ಕೂಲಿಯವರು ಆನೆ ತುಳಿತಕ್ಕೆ ಸತ್ತಾಗ ಎಷ್ಟು ಜನರ ಹೆಸರು ನೆನಪಿಟ್ಟುಕೊಂಡಿದ್ದೇವೆ? ವಿಲ್ಸನ್ ಪಾಪ ನಮ್ಮದಲ್ಲ ಸರಿ. ವೆರಿಲ್‌ನ ಕುರುಡು ಮಾತ್ರ ಸ್ವಲ್ಪ ನಮ್ಮದೂ ಹೌದು.

ಎಲ್ಲಾದರೂ ಸಿಕ್ಕರೆ ಈ ಸಿನಿಮಾ ನೋಡಿ. ಈಸ್ಟ್‌ವುಡ್ ಹ್ಯೂಸ್ಟನ್ ಥರ ರಾಗ ಎಳೆದು ಮಾತಾಡೋದು ಮೊದಲ ಅರ್ಧ ಗಂಟೆ ಕಿರಿಕಿರಿ ಅನ್ನಿಸುತ್ತೆ, ಆಮೇಲೆ ಅಭ್ಯಾಸ ಆಗುತ್ತೆ. ನೋಡುವಾಗ ಒಂದೇ ಒಂದು ಕೆಲಸ ಮಾಡಿ. ಬೇಟೆಯ ದೃಶ್ಯ ಬಂದಾಗ ವಿಲ್ಸನ್‌ನನ್ನೂ ಆನೆಯನ್ನೂ ಬಿಟ್ಟು, ಅವರಿಬ್ಬರ ನಡುವೆ ಬರಿಗಾಲಲ್ಲೋ ಹರಕು ಚಪ್ಪಲಿಯಲ್ಲೋ ಹೋಗ್ತಿರೋ ಕಿವು ಏನು ಮಾಡ್ತಿದ್ದಾನೆ ನೋಡ್ತಾ ಹೋಗಿ.