ಬುಟ್ಟಿ ಖಾಲಿ, ಬಾಯಿ ತುಂಬ ಎಲಿ
ಗೂಗಲ್ ಹುಡುಕಾಟದಲ್ಲಿ ಮೇಲೆ ಬರುವ ವಿದ್ಯೆಯನ್ನು ನಗಿಸುತ್ತ ಕಲಿಸುವುದು ಸಣ್ಣ ಕೆಲಸವಲ್ಲ. ಸವಣೂರು ಸೀಮೆಯ ಹತ್ತಿಮತ್ತೂರಿನ ಕಟ್ಟೆಯ ಮೇಲೊಂದು ಕಿರುವಿಡಿಯೊ ಊಹಿಸಿಕೊಳ್ಳಿ: ವೀಳ್ಯದೆಲೆ ವ್ಯಾಪಾರಿ 'ಸವಣೂರ ಎಲಿ, ಚಲೋ ಸವಣೂರ ಎಲಿ, ಸವಣೂರ ಎಲಿ' ಎಂದು ಒಂದೇ ಸಮನೆ ಕೂಗುತ್ತಾನೆ. 'ಐವತ್ತು ಎಲಿ ಕೊಡೋ ತಮ್ಮಾ' ಎಂದು ಅಜ್ಜಿ ಬಗ್ಗಿ ನೋಡಿದರೆ ಬುಟ್ಟಿ ಖಾಲಿ! ಮಾತಾಡದೆ ಪಕ್ಕದವನ ಹತ್ತಿರ ಹೋಗುತ್ತಾಳೆ.

ಹೂರಣವಿಲ್ಲದೆ ಕೀವರ್ಡ್, ಅಂದರೆ ಜನ ಹುಡುಕುವ ಪದ, ಮತ್ತೆ ಮತ್ತೆ ತುರುಕಿದ ವೆಬ್‌ಪುಟಕ್ಕೂ ಇದೇ ಗತಿ. ಪುಟದ ಕೋಡಿನಲ್ಲಿ ಅಂಥ ಪದಗಳನ್ನು ಪಟ್ಟಿ ಮಾಡುವ ಕೀವರ್ಡ್ಸ್ ಮೆಟಾ ಟ್ಯಾಗನ್ನಂತೂ ರ‍್ಯಾಂಕಿಂಗ್‌ಗೆ ಲೆಕ್ಕಕ್ಕೇ ಹಿಡಿಯುವುದಿಲ್ಲವೆಂದು ಗೂಗಲ್‌ನ ಮ್ಯಾಟ್ ಕಟ್ಸ್ 2009ರಲ್ಲೇ ವಿಡಿಯೊದಲ್ಲಿ ಹೇಳಿದ್ದರು. ಆದರೆ ಈ ಪಾಠ ನಮ್ಮ ಅಂಗಡಿಕಾರರಿಗೆ ಅಜ್ಜಿಯ ಮೂಲಕ ಹೇಳಿದರೇ ಬೇಗ ಮುಟ್ಟುತ್ತದೆ, ಅದೂ ಸವಣೂರು ಸೀಮೆಯ ಮಾತಿನಲ್ಲಿ. 2020ರಲ್ಲಿ ಭಾರತದಲ್ಲೇ ಮೊದಲು ಶುರುವಾದ ಯೂಟ್ಯೂಬ್ ಶಾರ್ಟ್ಸ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಒಂದು ವಿಡಿಯೊಗೆ ಒಂದೇ ತಪ್ಪು ಸಾಕು. ಖಾಲಿ ಬುಟ್ಟಿ ಕಂಡ ಮೇಲೆ ವಿವರಣೆ ಸೇರಿಸಿದರೆ ನಗೆ ಸತ್ತೇಹೋಗುತ್ತದೆ.