ಶಕುಹಾಚಿ: ಧ್ಯಾನದ ಉಪಕರಣ, ವೇದಿಕೆಯ ವಾದ್ಯ

ಜಪಾನಿನ ಬಿದಿರ ಕೊಳಲು ಶಕುಹಾಚಿಯನ್ನು ಕುರಿತ ಬರವಣಿಗೆಗಳಲ್ಲಿ ಒಂದು ಗ್ರಹಿಕೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮೂಲತಃ ಧ್ಯಾನಸಾಧನವಾಗಿದ್ದ ಅದನ್ನು ಆಧುನಿಕ ಕಛೇರಿಯು ಬರಿಯ ವಾದ್ಯವನ್ನಾಗಿಸಿತು ಎಂಬುದೇ ಆ ಗ್ರಹಿಕೆ. ಇದು ಪೂರ್ತಿ ನಿರಾಧಾರವಲ್ಲ; ಆದರೆ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಧ್ಯಾನ ಮತ್ತು ಪ್ರದರ್ಶನಗಳ ನಡುವಿನ ಗೆರೆ ಇಷ್ಟು ನೇರವಾಗಿ ಉಳಿಯುವುದಿಲ್ಲ.

ಎಡೊ ಕಾಲದಲ್ಲಿ (1603–1868) ಝೆನ್ ಬೌದ್ಧಧರ್ಮದ ಫುಕೆ ಪಂಥದ ಕೊಮುಸೊ ಸಾಧುಗಳು ಬುಟ್ಟಿಯಂತಹ ಟೋಪಿಯಲ್ಲಿ ಮುಖ ಮರೆಸಿಕೊಂಡು ಶಕುಹಾಚಿಯನ್ನು ಊದುತ್ತ ಸಂಚರಿಸುತ್ತಿದ್ದರು. ಅವರ ಪಾಲಿಗೆ ಅದು ಸಂಗೀತವಾದ್ಯವಲ್ಲ, ಧರ್ಮದ ಉಪಕರಣ. ಊದುವುದು ‘ಸುಯ್‌ಝೆನ್’, ಅಂದರೆ ಊದುವ ಧ್ಯಾನ. ಆದರೂ ಅವರು ಊದುತ್ತಿದ್ದುದು ಬೀದಿಯಲ್ಲಿ, ಭಿಕ್ಷೆಗಾಗಿ. ಕೇಳುಗನಿಲ್ಲದ ಏಕಾಂತವು ಈ ಪರಂಪರೆಯ ಒಂದು ಮುಖ ಮಾತ್ರ. ಸಾಧುಗಳಿಗೆ ಸಂಚಾರಸ್ವಾತಂತ್ರ್ಯ ಕೊಟ್ಟಿತೆನ್ನಲಾದ 1614ರ ಶಾಸನವು ನಂತರದ ಸೃಷ್ಟಿಯೆಂದು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. ದಾಖಲೆ ಕೃತಕವೆಂದ ಮಾತ್ರಕ್ಕೆ ಸಾಧನೆಯೂ ಕೃತಕವಾಗುವುದಿಲ್ಲ. ‘ಶುದ್ಧ ಮೂಲ’ವೊಂದನ್ನು ಕಲ್ಪಿಸಿಕೊಂಡು ವೇದಿಕೆಯನ್ನು ಪತನವೆಂದು ಬಗೆಯುವ ವಾದ ಮಾತ್ರ ಅದರಿಂದ ಸಡಿಲವಾಗುತ್ತದೆ.

ಧ್ಯಾನದ ಅಂಶ ನಿಜವಾಗಿ ನೆಲೆಸಿರುವುದು ವಾದನಕ್ರಮದಲ್ಲಿ. ಸಾಮಾನ್ಯ ಶಕುಹಾಚಿಯ ಉದ್ದ ಒಂದು ಶಕು ಎಂಟು ಸುನ್, ಸುಮಾರು 54.5 ಸೆಂಟಿಮೀಟರ್, ಹೆಸರು ಬಂದದ್ದು ಈ ಅಳತೆಯಿಂದಲೇ. ಮುಂದೆ ನಾಲ್ಕು, ಹಿಂದೆ ಒಂದು ರಂಧ್ರ. ತುದಿಯ ಅಂಚಿಗೆ ತುಟಿಯಿಟ್ಟು ಊದಬೇಕು. ತಲೆಯನ್ನು ತಗ್ಗಿಸಿದರೆ ಶ್ರುತಿ ಇಳಿಯುತ್ತದೆ, ಎತ್ತಿದರೆ ಏರುತ್ತದೆ. ಹೀಗೆ ಸ್ವರ ಬೆರಳಿನಲ್ಲಷ್ಟೇ ಅಲ್ಲ, ಕತ್ತು ಮತ್ತು ತುಟಿಗಳ ಚಲನೆಯಲ್ಲಿಯೂ ಹುಟ್ಟುತ್ತದೆ. ‘ಹೊಂಕ್ಯೊಕು’ ಎಂಬ ಮೂಲಕೃತಿಗಳಲ್ಲಿ ಬಹುಮಟ್ಟಿಗೆ ನಿಯತ ತಾಳವಿಲ್ಲ. ಒಂದು ಉಸಿರಿನ ಅಳತೆಯೇ ಒಂದು ಘಟಕ. ಕರ್ನಾಟಕ ಸಂಗೀತದ ಕೇಳುಗನಿಗೆ ಆಲಾಪನೆ ನೆನಪಾಗಬಹುದು. ಆದರೆ ಇಲ್ಲಿ ಬೆಳೆಯುವುದು ರಾಗವಲ್ಲ. ಒಂದೇ ಧ್ವನಿಯ ಹುಟ್ಟು, ಗಾಳಿಯ ಗರಗರ, ಕ್ಷಯ, ಅನಂತರದ ಮೌನ.

ವೇದಿಕೆಯ ಕಥೆಯೂ ಸರಳವಲ್ಲ. ಫುಕೆಯ ಸದಸ್ಯನೇ ಆಗಿದ್ದ ಕುರೊಸಾವಾ ಕಿಂಕೊ (1710–1771) ಹೊಂಕ್ಯೊಕುಗಳನ್ನು ಸಂಗ್ರಹಿಸಿದ. ಅವನ ಹೆಸರಿನ ಶಾಲೆ 36 ಕೃತಿಗಳನ್ನು ಕಾಪಾಡಿಕೊಂಡಿತು. 1871ರಲ್ಲಿ ಮೆಯ್‌ಜಿ ಸರ್ಕಾರ ಪಂಥವನ್ನು ರದ್ದುಪಡಿಸಿದ ಬಳಿಕ ಶಕುಹಾಚಿ ಉಳಿದದ್ದು ಬಹುಪಾಲು ಗೃಹಸ್ಥ ವಾದಕರಿಂದ, ಕೊತೊ ಮತ್ತು ಶಮಿಸೆನ್‌ಗಳ ಸಹವಾದನದಿಂದ. ವೇದಿಕೆ ಧ್ಯಾನವನ್ನು ನುಂಗಿತೆನ್ನುವವರು ಈ ಋಣವನ್ನು ಮರೆಯುತ್ತಾರೆ.

ವತಾಜುಮಿ ದೊಸೊ (1911–1992) ಈ ಇಬ್ಬಂದಿಯ ಮೂರ್ತರೂಪ. ತನ್ನದು ಸಂಗೀತವಲ್ಲ, ಉಸಿರಿನ ಸಾಧನೆಯೆಂದು ಒತ್ತಿ ಹೇಳಿದ ಆತ ಒಳಮೈಗೆ ಮೆರುಗೆಣ್ಣೆ ಹಚ್ಚದ ಬಿದಿರನ್ನೇ ಊದಿದ. ಹಾಗಿದ್ದೂ ಸಭೆಯಲ್ಲಿ ನುಡಿಸಿದ, ಧ್ವನಿಮುದ್ರಣಗಳನ್ನೂ ಬಿಟ್ಟುಹೋದ. ಅವನ ಬಳಿ ಕಲಿತವರಲ್ಲಿ ಒಬ್ಬರಾದ ಯೊಕೊಯಾಮಾ ಕತ್ಸುಯಾ 1967ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ವಾದ್ಯವೃಂದದೊಡನೆ, ಒಜಾವಾ ಸೆಯ್‌ಜಿ ಅವರ ನಿರ್ದೇಶನದಲ್ಲಿ, ತಕೆಮಿತ್ಸು ತೊರು ಅವರ ‘ನವೆಂಬರ್ ಸ್ಟೆಪ್ಸ್’ ಕೃತಿಯನ್ನು ನುಡಿಸಿದರು. ಬಿವಾ ನುಡಿಸಿದವರು ತ್ಸುರುತಾ ಕಿಂಶಿ. ಪೂರ್ವ–ಪಶ್ಚಿಮಗಳ ಸಂಗಮವೆಂದು ಈ ಕೃತಿಯನ್ನು ಹೊಗಳುವುದು ವಾಡಿಕೆ. ಅದರ ಶಕ್ತಿ ಇರುವುದು ಬೆರೆಯದೆ ಉಳಿಯುವುದರಲ್ಲಿ. ಕೊನೆಯ ಭಾಗದ ದೀರ್ಘ ಏಕಾಂತವಾದನದಲ್ಲಿ ವಾದ್ಯವೃಂದ ಸುಮ್ಮನಾಗುತ್ತದೆ. ಎರಡು ಜಪಾನೀ ವಾದ್ಯಗಳಷ್ಟೇ ಕೇಳುತ್ತವೆ. ಸ್ವರಗಳ ನಡುವಿನ ಉಸಿರಿನ ಸದ್ದನ್ನು ಅಲ್ಲಿ ಯಾರೂ ಮುಚ್ಚಿಡುವುದಿಲ್ಲ.