ಕೈ ಬದಲಿಸಿ ಬಂದ ಸಿನಿಮಾಗಳು

ನಮ್ಮ ಮನೆಯ ಡಿವಿಡಿ ಕಪಾಟಿನಲ್ಲಿ ಹೊಸದಾಗಿ ಕೊಂಡವು ಕಡಿಮೆ. ಹೆಚ್ಚಿನವು ಹಳೆ ಪುಸ್ತಕದಂಗಡಿಗಳಲ್ಲಿ ಸಿಕ್ಕವು. ಹೊದಿಕೆಯ ಬಣ್ಣ ಮಾಸಿದೆ, ಕೆಲವುಗಳ ಮೇಲೆ ಯಾವುದೋ ಬಾಡಿಗೆ ಲೈಬ್ರರಿಯ ನಂಬರು. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನತ್ತ ನೇರವಾಗಿ ಒರೆಸಿದರೆ ಬಹುತೇಕ ಓಡುತ್ತವೆ. ಸುತ್ತಲೂ ಮಾತ್ರ ತಿಕ್ಕಬಾರದು; ಮಾಹಿತಿ ಬರೆದ ಸುರುಳಿಯ ಗುಂಟವೇ ಗೀರು ಬಿದ್ದರೆ ಪ್ಲೇಯರ್ ಸೋಲುತ್ತದೆ.

ನಾನು ಮತ್ತೆ ಮತ್ತೆ ಹಾಕುವುದು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977). ಯು.ಆರ್. ಅನಂತಮೂರ್ತಿಯವರ ಕಥೆ, ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ. ವಿಧವೆ ಯಮುನೆಯ ಸಂಕಟವನ್ನು ಇಲ್ಲಿ ಯಾರೂ ಭಾಷಣ ಮಾಡಿ ಹೇಳುವುದಿಲ್ಲ. ವೇದ ಕಲಿಯಲು ಬಂದ ಪುಟ್ಟ ನಾಣಿ ಏನು ಕಂಡನೋ ಅಷ್ಟೇ ನಮಗೂ ಕಾಣುವುದು. ಅರ್ಥವಾಗದೆ ಅವನು ಬಿಟ್ಟಿದ್ದನ್ನು ನಾವು ತುಂಬಿಕೊಳ್ಳಬೇಕು. ತಲೆ ಬೋಳಿಸಿಕೊಂಡು ಮರದಡಿ ಕುಳಿತ ಯಮುನೆಯ ದೃಶ್ಯದಲ್ಲಿ ನಾನು ರಿಮೋಟ್ ಒತ್ತಿ ಚಿತ್ರ ನಿಲ್ಲಿಸುತ್ತೇನೆ. ಅಷ್ಟು ಕ್ರೌರ್ಯವನ್ನು ಅಷ್ಟು ಕಡಿಮೆ ಸದ್ದಿನಲ್ಲಿ ಹೇಳಿದ ಇನ್ನೊಂದು ಕನ್ನಡ ಚಿತ್ರ ನನಗೆ ಗೊತ್ತಿಲ್ಲ. 2024ರಲ್ಲಿ ಇದರ ಪುನಶ್ಚೇತನಗೊಂಡ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತೆಂದು ಓದಿದಾಗ ಮನೆಯವರದೇ ಸುದ್ದಿ ಕೇಳಿದಷ್ಟು ಖುಷಿಯಾಯಿತು.

ಪಕ್ಕದಲ್ಲೇ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978). ಜಪಾನಿನ ನಿರ್ದೇಶಕ ಕುರೊಸಾವಾರ ಪ್ರಭಾವ ಎದ್ದು ಕಾಣುತ್ತದೆ, ಆದರೆ ಮಣ್ಣು ನಮ್ಮದೇ. ಇದರಲ್ಲಿ ನಟಿಸಿದ ಶಂಕರನಾಗ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಸುಂದರಕೃಷ್ಣ ಅರಸರ ಪೆರ್ಮಾಡಿ ಪಾತ್ರದ ಆ ದಣಿದ ಘನತೆಗೂ ಅಷ್ಟೇ ಮೆಚ್ಚುಗೆ ಸಲ್ಲಬೇಕು.